ಚೆಂಡನ್ನು ಬರಮಾಡಿಕೊಳ್ಳುವುದು: ಹಾಕಿ ಮೈದಾನದಿಂದ ಸಂವೇಗದ ಪಾಠಕ್ಕೆ

ಎರಡನೇ ಹಂತದ ಬೋಧನಾಭ್ಯಾಸದಲ್ಲಿ ಒಂಬತ್ತನೇ ತರಗತಿಗೆ ‘ಬಲ ಮತ್ತು ಚಲನೆಯ ನಿಯಮಗಳು’ ಘಟಕವನ್ನು ಆರು ಅವಧಿಗಳಲ್ಲಿ ಪಾಠ ಮಾಡಿದೆ. ಶಾಲೆ ದಕ್ಷಿಣ ಕೊಡಗಿನದು. ತರಗತಿಯ 34 ಮಕ್ಕಳಲ್ಲಿ ಒಂಬತ್ತು ಮಂದಿ ಬೆಳಿಗ್ಗೆ ಹತ್ತಿರದ ಹಾಕಿ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಬರುವವರು. ಮೊದಲ ಅವಧಿಯಲ್ಲಿ ಅವರ ಕಣ್ಣು ಎಳೆಯುತ್ತದೆ. ಶಿಕ್ಷಕರ ಕೊಠಡಿಯಲ್ಲಿ ಅವರ ಬಗ್ಗೆ ಒಂದು ತೀರ್ಮಾನ ಆಗಲೇ ಆಗಿಹೋಗಿತ್ತು: ಆಟದ ಕೋಟಾದಲ್ಲಿ ಹೇಗೋ ದಾಟುತ್ತಾರೆ, ವಿಜ್ಞಾನ ಅವರಿಗಲ್ಲ. ಹಿಂದಿನ ಘಟಕ ಪರೀಕ್ಷೆಯ ಅಂಕಗಳೂ ಹಾಗೇ ಹೇಳುತ್ತಿದ್ದವು. ಆದರೆ ಈ ಮಕ್ಕಳು ದಿನಕ್ಕೆ ನೂರಾರು ಬಾರಿ ಸಂವೇಗವನ್ನು ಕೈಯಲ್ಲಿ ಹಿಡಿಯುವವರು. ಇದನ್ನು ಬಿಟ್ಟು ಕಪ್ಪುಹಲಗೆಯಿಂದಲೇ ಪಾಠ ಆರಂಭಿಸುವುದು ನನಗೆ ಸರಿಕಾಣಲಿಲ್ಲ. ಪಾಠ ಯೋಜನೆ ಬರೆಯುವ ಮೊದಲು ನಾಲ್ಕು ಬೆಳಿಗ್ಗೆ ಅಕಾಡೆಮಿಗೆ ಹೋಗಿ ಅವಲೋಕನ ಮಾಡಿದೆ.

ಅಲ್ಲಿ ಕಲಿಸುವವರು ಹಳೆಯ ಆಟಗಾರರು. ಕೊಡಗಿನಲ್ಲಿ ಇದು ಹೊಸತೇನಲ್ಲ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕ ಎಂ.ಪಿ. ಗಣೇಶ್ ಮುಂದೆ ರಾಷ್ಟ್ರೀಯ ತಂಡಕ್ಕೇ ತರಬೇತುದಾರರಾದರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಮಹಿಳಾ ತಂಡದ ಸಹಾಯಕ ತರಬೇತುದಾರರಾಗಿದ್ದ ಅಂಕಿತಾ ಸುರೇಶ್ ಕೂಡ ಇದೇ ಜಿಲ್ಲೆಯವರು. ಹೆಸರಾದವರಿಗಿಂತ ಹೆಸರಾಗದವರೇ ಹೆಚ್ಚು. ಸೇನೆಗೋ ರೈಲ್ವೆಗೋ ಬ್ಯಾಂಕಿಗೋ ಆಡಿ, ನಿವೃತ್ತರಾಗಿ ಊರಿಗೆ ಮರಳಿ, ಕಾಫಿ ತೋಟ ನೋಡಿಕೊಳ್ಳುತ್ತಾ ಬೆಳಗಿನ ಎರಡು ಗಂಟೆಯನ್ನು ಮಕ್ಕಳಿಗೆ ಕೊಡುವವರು. ನಾನು ಹೆಚ್ಚು ಹೊತ್ತು ಗಮನಿಸಿದ್ದು ಇಂಥ ಒಬ್ಬ ಹಿರಿಯರನ್ನು.

ಅವರು ಕಡಿಮೆ ಮಾತಾಡುತ್ತಾರೆ. ಮೊದಲ ದಿನ ಇದು ಉದಾಸೀನ ಎನಿಸಿತು. ಎರಡನೇ ದಿನ ಗಡಿಯಾರ ಹಿಡಿದು ನೋಡಿದೆ. ಒಬ್ಬ ಹುಡುಗಿ ಎಂಟು ಬಾರಿ ಚೆಂಡು ತಡೆಯುವವರೆಗೆ ಸುಮ್ಮನೆ ನಿಂತಿದ್ದರು. ಎಂಟೂ ಬಾರಿ ಚೆಂಡು ಅವಳ ಸ್ಟಿಕ್ಕಿಗೆ ಬಡಿದು ಮುಂದಕ್ಕೆ ಸಿಡಿಯಿತು. ಅವಳ ಕಾಲುಗಳ ಅಂತರ ಸರಿಯಿರಲಿಲ್ಲ, ತಲೆ ಎತ್ತಿತ್ತು. ನನ್ನ ಕಣ್ಣಿಗೇ ಎರಡು ಮೂರು ದೋಷ ಕಂಡವು. ಅವರು ಹೇಳಿದ್ದು ಒಂದೇ: ಚೆಂಡು ಬರುತ್ತಿದ್ದ ಹಾಗೆ ಸ್ಟಿಕ್ಕನ್ನು ಒಂದು ಗೇಣು ಹಿಂದಕ್ಕೆ ತಾ. ಒಮ್ಮೆ ಮಾಡಿ ತೋರಿಸಿ ಪಕ್ಕಕ್ಕೆ ಸರಿದರು. ಅವಳು ಮತ್ತೆ ಹನ್ನೆರಡು ಬಾರಿ ತಡೆದಳು. ಕೊನೆಯ ನಾಲ್ಕು ಚೆಂಡು ಸ್ಟಿಕ್ಕಿಗೆ ಅಂಟಿದಂತೆ ನಿಂತವು.

ವೈಗೋಟ್ಸ್ಕಿಯ ‘ಸಮೀಪ ವಿಕಾಸ ವಲಯ’ವನ್ನು ನಾವೆಲ್ಲ ಪರೀಕ್ಷೆಗಾಗಿ ಓದಿದ್ದೇವೆ. ಕಲಿಯುವವರು ಒಬ್ಬರೇ ಮಾಡಲಾಗದ, ಆದರೆ ಸ್ವಲ್ಪ ನೆರವಿನಿಂದ ಮಾಡಬಲ್ಲ ಕೆಲಸದ ಜಾಗ ಅದು. ಆ ಹಿರಿಯರು ಎಂಟು ಚೆಂಡುಗಳವರೆಗೆ ಕಾದದ್ದು ಆ ಜಾಗ ಯಾವುದೆಂದು ಹುಡುಕಲು ಎಂದೇ ನಾನು ತಿಳಿಯುತ್ತೇನೆ. ನಮ್ಮ ಹಿಮ್ಮಾಹಿತಿ ಇದಕ್ಕೆ ತದ್ವಿರುದ್ಧ. ಉತ್ತರಪತ್ರಿಕೆಯ ತುಂಬ ಕೆಂಪು ಶಾಯಿ ಬಿದ್ದಿರುತ್ತದೆ. ಮಗು ಯಾವುದನ್ನು ಮೊದಲು ತಿದ್ದಿಕೊಳ್ಳಬೇಕು?

ಒಳ್ಳೆಯ ಆಟಗಾರರೆಲ್ಲ ಒಳ್ಳೆಯ ಶಿಕ್ಷಕರು ಎಂದು ಹೇಳುತ್ತಿಲ್ಲ. ಅದೇ ಮೈದಾನದಲ್ಲಿ ಇನ್ನೊಬ್ಬರು, ತಮಗೆ ಹುಟ್ಟಿನಿಂದಲೇ ಬಂದದ್ದು ಮಕ್ಕಳಿಗೆ ಏಕೆ ಬರುತ್ತಿಲ್ಲ ಎಂದು ರೇಗುತ್ತಿದ್ದರು. ‘ಏಕೆ ಸರ್?’ ಎಂಬ ಪ್ರಶ್ನೆಗೆ ಮಾತು ಕಡಿಮೆಯಿದ್ದ ಹಿರಿಯರಲ್ಲೂ ಉತ್ತರ ಇರಲಿಲ್ಲ. ಗೇಣು ಹಿಂದಕ್ಕೆ ತಂದರೆ ಚೆಂಡು ನಿಲ್ಲುತ್ತದೆ, ಅಷ್ಟೇ. ಆ ‘ಏಕೆ’ ವಿಜ್ಞಾನ ಶಿಕ್ಷಕರ ಪಾಲಿನದು.

ಮೂರನೇ ಅವಧಿಯನ್ನು ಪಠ್ಯಪುಸ್ತಕದ ಅಭ್ಯಾಸದ ಲೆಕ್ಕವೊಂದರಿಂದ ಆರಂಭಿಸಿದೆ. ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುವ 200 ಗ್ರಾಂ ಹಾಕಿ ಚೆಂಡನ್ನು ಹೊಡೆದಾಗ ಅದು ಬಂದ ದಾರಿಯಲ್ಲೇ 5 ಮೀಟರ್ ವೇಗದಲ್ಲಿ ಮರಳುತ್ತದೆ. ಸಂವೇಗದಲ್ಲಾದ ಬದಲಾವಣೆ ಎಷ್ಟು? ಹಲಗೆಯ ಮೇಲೆ ದತ್ತಾಂಶ ಬರೆಯುತ್ತಿದ್ದಂತೆ ಹಿಂದಿನ ಬೆಂಚಿನಿಂದ ಅದೇ ಹುಡುಗಿ, “ಚೆಂಡು ಅಷ್ಟು ಭಾರ ಇರುವುದಿಲ್ಲ” ಎಂದಳು. ಆ ತರಗತಿಯಲ್ಲಿ ನಾನು ಅವಳ ಧ್ವನಿ ಕೇಳಿದ್ದು ಅದೇ ಮೊದಲು. ಪ್ರಯೋಗಾಲಯದ ತಕ್ಕಡಿ ತರಿಸಿದೆ. ಅವಳ ಚೀಲದಲ್ಲಿದ್ದ ಚೆಂಡು 158 ಗ್ರಾಂ ತೂಗಿತು. ನಿಯಮದ ಪ್ರಕಾರ ಚೆಂಡಿನ ತೂಕ 156ರಿಂದ 163 ಗ್ರಾಂ ಒಳಗಿರಬೇಕು. ಪುಸ್ತಕದ ಅಂಕಿಗಳಿಗೆ ಉತ್ತರ 3 ಕಿ.ಗ್ರಾಂ. ಮೀಟರ್ ಪ್ರತಿ ಸೆಕೆಂಡ್. ಅವಳ ಚೆಂಡಿಗೆ 2.37. ತರಗತಿ ಎರಡನ್ನೂ ಮಾಡಿತು. ಲೆಕ್ಕ ಮಾಡಲು ಯಾರನ್ನೂ ಒತ್ತಾಯಿಸಬೇಕಾಗಲಿಲ್ಲ.

ಆಮೇಲೆ ‘ಗೇಣು’. ಎಣಿಕೆ ಸುಲಭವಾಗಲೆಂದು ಚೆಂಡಿಗೆ 160 ಗ್ರಾಂ, ಪಾಸ್‌ನ ವೇಗಕ್ಕೆ ಸೆಕೆಂಡಿಗೆ 15 ಮೀಟರ್ ಇಟ್ಟುಕೊಂಡೆವು. ನಿಲ್ಲಿಸಬೇಕಾದ ಸಂವೇಗ 2.4. ಸ್ಟಿಕ್ಕನ್ನು ಬಿಗಿಯಾಗಿ ಹಿಡಿದು 0.005 ಸೆಕೆಂಡಿನಲ್ಲಿ ನಿಲ್ಲಿಸಿದರೆ ಸರಾಸರಿ ಬಲ 480 ನ್ಯೂಟನ್. ಹಿಂದಕ್ಕೆ ತಂದು 0.02 ಸೆಕೆಂಡು ತೆಗೆದುಕೊಂಡರೆ 120 ನ್ಯೂಟನ್, ಅಂದರೆ ಕಾಲು ಭಾಗ. ಆ ಸಮಯಗಳು ನಾನು ಊಹಿಸಿ ಕೊಟ್ಟವು ಎಂದು ಮಕ್ಕಳಿಗೆ ಹೇಳಿದ್ದೆ. ಅಷ್ಟರೊಳಗೆ ಸ್ಟಿಕ್ಕು ಎಷ್ಟು ದೂರ ಹಿಂದೆ ಹೋಗಬೇಕು? ಹಿಂದಿನ ‘ಚಲನೆ’ ಘಟಕದ ಸಮೀಕರಣ ಬಳಸಿ ಮಕ್ಕಳೇ ಕಂಡುಕೊಂಡರು: ಮೊದಲನೆಯದಕ್ಕೆ ನಾಲ್ಕು ಸೆಂಟಿಮೀಟರಿಗೂ ಕಡಿಮೆ, ಎರಡನೆಯದಕ್ಕೆ 15 ಸೆಂಟಿಮೀಟರ್. ಒಬ್ಬ ಅಳತೆಪಟ್ಟಿಯ ಮೇಲೆ ಕೈ ಚಾಚಿ, ಗೇಣಿಗೆ ಸ್ವಲ್ಪ ಕಡಿಮೆ ಎಂದ. ಒಂಬತ್ತು ಮಂದಿಯೂ ನಕ್ಕರು. ಕ್ರಿಕೆಟ್ ಕ್ಷೇತ್ರರಕ್ಷಕ ಚೆಂಡು ಹಿಡಿಯುವಾಗ ಕೈ ಹಿಂದಕ್ಕೆ ಎಳೆಯುವ ಉದಾಹರಣೆ ಪುಸ್ತಕದಲ್ಲಿಯೇ ಇದೆ. ಅದನ್ನು ಅವರು ತಾವಾಗಿ ಓದಿಕೊಂಡರು.

ಹಿರಿಯರಿಂದ ಕಲಿತದ್ದನ್ನು ಇಲ್ಲಿ ಬಳಸಿದೆ. ಪುಸ್ತಕಗಳನ್ನು ತಿದ್ದುವಾಗ ಪ್ರತಿ ಮಗುವಿಗೂ ಒಂದೇ ಸೂಚನೆ ಬರೆದು, ಅದೇ ಬಗೆಯ ಎರಡು ಲೆಕ್ಕ ಕೊಟ್ಟೆ. ಕೆಲವರಿಗೆ ‘ಗ್ರಾಂ ಅನ್ನು ಕಿಲೋಗ್ರಾಂ ಮಾಡು’ ಎಂದಷ್ಟೇ. ಉಳಿದ ದೋಷಗಳು ಕಣ್ಣಿಗೆ ಕುಕ್ಕುತ್ತಿದ್ದರೂ ಕೈ ತಡೆದುಕೊಂಡೆ. ಇದು ಮೈದಾನದಲ್ಲಿ ಕಾಣುವಷ್ಟು ಸುಲಭವಲ್ಲ, ಸಮಯವೂ ಹಿಡಿಯುತ್ತದೆ. 34 ಪುಸ್ತಕಗಳಿಗೆ ಎರಡು ಸಂಜೆ ಬೇಕಾದವು. ವರ್ಷಪೂರ್ತಿ ಐದು ತರಗತಿ ನೋಡುವ ಶಿಕ್ಷಕರಿಗೆ ಇದು ಪ್ರತಿ ಘಟಕದಲ್ಲೂ ಸಾಧ್ಯವೆಂದು ನನಗೆ ಅನ್ನಿಸುವುದಿಲ್ಲ; ಕಠಿಣವಾದ ಒಂದೆರಡು ಘಟಕಕ್ಕೆ ಸಾಕು.

ಘಟಕ ಪರೀಕ್ಷೆಯಲ್ಲಿ ಒಂಬತ್ತು ಮಂದಿಯಲ್ಲಿ ಆರು ಮಂದಿ ಸಂವೇಗದ ಲೆಕ್ಕವನ್ನು ಪೂರ್ತಿ ಮಾಡಿದ್ದರು. ಇಬ್ಬರು ಹಿಂದಿನಂತೆಯೇ ಖಾಲಿ ಬಿಟ್ಟಿದ್ದರು. ಆಟದ ಉದಾಹರಣೆ ಎಲ್ಲ ಬೀಗಕ್ಕೂ ಕೀಲಿಯಲ್ಲ. ಆ ಹುಡುಗಿ ಹಂತಗಳನ್ನೆಲ್ಲ ಸರಿಯಾಗಿ ಬರೆದು, ಚೆಂಡು ಮರಳುವ ದಿಕ್ಕಿಗೆ ಋಣ ಚಿಹ್ನೆ ಹಾಕದೆ 15ರ ಬದಲು 5 ಎಂದು ತೆಗೆದುಕೊಂಡಿದ್ದಳು. ಅವಳ ಪುಸ್ತಕದಲ್ಲಿ ಒಂದೇ ಸೂಚನೆ ಬರೆದೆ: ದಿಕ್ಕು.

ಮಾರನೆಯ ದಿನ ಅವಳು ಅದನ್ನು ತಿದ್ದಿಕೊಂಡು ಬಂದು ಇನ್ನೊಂದು ಪ್ರಶ್ನೆ ಇಟ್ಟಳು. ಗೋಲಿನ ಮುಂದೆ ಚೆಂಡನ್ನು ನೇರ ಹಿಂದಕ್ಕೆ ಹೊಡೆಯುವುದಿಲ್ಲ, ಸ್ಟಿಕ್ಕು ತಾಗಿಸಿ ಪಕ್ಕಕ್ಕೆ ತಿರುಗಿಸುತ್ತೇವೆ. ಆಗ ಕೂಡುವುದೋ ಕಳೆಯುವುದೋ? ಇದು ಒಂಬತ್ತನೇ ತರಗತಿಯ ಪಠ್ಯದಲ್ಲಿಲ್ಲ. ಹಲಗೆಯ ಮೇಲೆ ಎರಡು ಬಾಣ ಎಳೆದೆ, ಅವುಗಳ ತುದಿಗಳನ್ನು ಜೋಡಿಸುವ ಮೂರನೆಯದನ್ನು ಎಳೆಯಲು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟೆ.