ಮೊದಲು ಯಾರನ್ನು ನೋಡಬೇಕು? ಯಾವ ಕೆಲಸ ಯಾರಿಗೆ ಕೊಡಬೇಕು?



ದವಾಖಾನೆಯಲ್ಲಿ ಒಬ್ಬ ನರ್ಸ್ ಅನೇಕ ರೋಗಿಗಳನ್ನು ನೋಡುತ್ತಾಳೆ. ಯಾರನ್ನು ಮೊದಲು ನೋಡಬೇಕು, ಯಾವ ಕೆಲಸ ಯಾರಿಗೆ ವಹಿಸಬೇಕು ಎಂಬುದನ್ನು ಆಕೆ ಕಲಿತಿರುತ್ತಾಳೆ. ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ನಿಮಗೂ ಈ ಪಾಠ ಬೇಕು. ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲಿ ಶುಶ್ರೂಷೆಯ ಪುಸ್ತಕ ಬರೆದದ್ದು ಮನೆಯಲ್ಲಿ ಆರೈಕೆ ಮಾಡುವ ಹೆಣ್ಣುಮಕ್ಕಳಿಗಾಗಿಯೇ.

ಸಾಲೋಟಗಿಯ ಒಂದು ಮನೆ ಅಂತ ತಿಳಿಯಿರಿ. ಲಕ್ವಾ ಹೊಡೆದ ಅತ್ತಿ, "ಹಾಸಿಗಿ ತೋಯ್ದೈತಿ, ಯಾರರ ಬರ್ರೇ" ಅಂತ ಕೂಗುತ್ತಾಳೆ. ಎರಡು ವರ್ಷದ ಕೂಸಿಗೆ ಮುಂಜಾನೆಯಿಂದ ಭೇದಿ. ಮೂರು ದಿನದ ಬಾಳಂತಿ ಮಗಳು ಸುಮ್ಮನೆ ಮಲಗಿದ್ದಾಳೆ. ಒಂದು ತಾಸಿನೊಳಗೆ ಆಕೆಯ ಬಟ್ಟೆ ಪೂರ್ತಿ ರಕ್ತದಲ್ಲಿ ತೋಯ್ದಿದೆ, ನಾಚಿಕೆಯಿಂದ ಹೇಳಿಲ್ಲ.

ನಾವು ಓಡುವುದು ಕೂಗಿದವರ ಕಡೆಗೆ. ಆದರೆ ಇಲ್ಲಿ ಜೀವಕ್ಕೆ ಅಪಾಯ ಇರುವುದು ಸುಮ್ಮನಿರುವ ಬಾಳಂತಿಗೆ. ಅದಕ್ಕೇ ಮೂರು ಮಾತು ನೆನಪಿಡಿ: ಉಸಿರು, ರಕ್ತ, ಎಚ್ಚರ. ಉಸಿರಾಟಕ್ಕೆ ಕಷ್ಟ, ಬಹಳ ರಕ್ತಸ್ರಾವ, ಎಚ್ಚರ ತಪ್ಪುವುದು, ಇವುಗಳಲ್ಲಿ ಯಾವುದಿದ್ದರೂ ಅವರೇ ಮೊದಲು. ತಡಮಾಡದೆ 108ಕ್ಕೆ ಫೋನ್ ಮಾಡಿಸಿರಿ. ಆಮೇಲೆ ಕೂಸು. ಕಣ್ಣು ಒಳಗೆ ಹೋಗಿದ್ದರೆ, ಮಂಕಾಗಿದ್ದರೆ, ನೀರು ಕುಡಿಯದಿದ್ದರೆ ಅದನ್ನೂ ದವಾಖಾನೆಗೆ ಒಯ್ಯಬೇಕು. ಅತ್ತಿಯ ಹಾಸಿಗೆ ಬದಲಿಸಲೇಬೇಕು, ಆದರೆ ಹತ್ತು ನಿಮಿಷ ತಡೆಯಬಹುದು.

ಒಬ್ಬರೇ ಇದೆಲ್ಲ ಮಾಡಲಾಗದು. ನೀವು ಮಗಳ ಹತ್ತಿರವೇ ಇರಿ. ಫೋನ್ ಮಾಡಲು ಗಂಡನಿಗೆ ಹೇಳಿ. ಒಂದು ಲೀಟರ್ ಕುಡಿಯುವ ನೀರಿಗೆ ಒಂದು ಓ.ಆರ್.ಎಸ್. ಪಾಕೀಟು ಕಲಸಿ ಕೂಸಿಗೆ ಸ್ವಲ್ಪ ಸ್ವಲ್ಪ ಕುಡಿಸಲು ನೆರೆಮನೆಯಾಕೆಗೆ ಹೇಳಿ. ಆಶಾ ಕಾರ್ಯಕರ್ತೆಯನ್ನು ಕರೆಸಿ.

ಕೆಲಸ ವಹಿಸುವಾಗ:

1. "ಯಾರರ ನೋಡ್ರಿ" ಅನ್ನಬೇಡಿ. ಹೆಸರು ಹಿಡಿದು ಹೇಳಿ.
2. ಏನು, ಎಷ್ಟು, ಯಾವಾಗ ಎಂದು ಬಿಡಿಸಿ ಹೇಳಿ, ತಿರುಗಿ ಅವರಿಂದಲೇ ಹೇಳಿಸಿ.
3. ಬಲ್ಲವರಿಗೆ ಮಾತ್ರ ಕೊಡಿ. ಸಕ್ಕರೆ ಕಾಯಿಲೆಯ ಇಂಜೆಕ್ಷನ್ನಿನಂಥದ್ದನ್ನು ಕಲಿಯದವರ ಕೈಗೆ ಕೊಡಬಾರದು.
4. ಕೊಟ್ಟ ಮೇಲೆ ಆಯಿತೋ ಇಲ್ಲವೋ ನೋಡಿ. ಕೆಲಸ ಕೊಟ್ಟರೂ ಜವಾಬ್ದಾರಿ ನಿಮ್ಮದೇ.

ಇನ್ನೊಂದು ಮಾತು. ಕೆಲಸ ಹಂಚುವುದೆಂದರೆ ಎಲ್ಲವನ್ನೂ ಶಾಲೆಗೆ ಹೋಗುವ ಮಗಳ ತಲೆಗೆ ಕಟ್ಟುವುದಲ್ಲ. ಮಲಗಿದಲ್ಲೇ ಇರುವವರನ್ನು ಎರಡು ತಾಸಿಗೊಮ್ಮೆ ಹೊರಳಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ತಾಯಿಯನ್ನು ಹೊರಳಿಸಲು ಮಗನಿಗೇನು ಕೈಯಿಲ್ಲವೇ? "ಅದು ಹೆಂಗಸರ ಕೆಲಸ" ಅಂದರೆ ಒಪ್ಪಬೇಡಿ.

ಕ್ರಿ.ಶ. 945ರ ಸಾಲೋಟಗಿ ಶಾಸನದಲ್ಲಿ, ಇಲ್ಲಿಯ ವಿದ್ಯಾಶಾಲೆಗಾಗಿ ಮದುವೆ, ಮುಂಜಿಗಳಲ್ಲಿ ಊರವರು ಇಂತಿಷ್ಟು ಕೊಡಬೇಕೆಂದು ಗೊತ್ತುಮಾಡಿಕೊಂಡದ್ದಿದೆ. ಊರಿನ ಹೊರೆ ಹಂಚಿಕೊಂಡವರ ನಾಡಿನಲ್ಲಿ ಮನೆಯ ಹೊರೆ ಹಂಚಿಕೊಳ್ಳಲಾಗದೇ?

ಸಂಘದ ಸಭೆಯಲ್ಲಿ ಚರ್ಚಿಸಿರಿ:
- ನಮ್ಮ ಮನೆಯಲ್ಲಿ ನೋವು ಹೇಳದೆ ಸುಮ್ಮನಿರುವವರು ಯಾರು?
- ರಾತ್ರಿ ಹೊತ್ತಿನಲ್ಲಿ ಸಂಘದ ಯಾವ ಸದಸ್ಯೆ ಯಾರ ಮನೆಗೆ ಹೋಗಬೇಕು?