ಸಗಟು ವ್ಯಾಪಾರಿಯ ಪಟ್ಟಿ ಮತ್ತು ನಮ್ಮ ಸಾವಯವ ಬೆಳೆ



ಸಾವಯವ ಸರಕು ಕೊಳ್ಳುವ ಸಗಟು ವ್ಯಾಪಾರಿಗಳು ವಾರಕ್ಕೊಮ್ಮೆ ತಮಗೆ ಬೇಕಾದ ವಸ್ತುಗಳ ಪಟ್ಟಿ ಹೊರಡಿಸುವುದುಂಟು. ಈಗ ಅದು ಮೊಬೈಲಿಗೇ ಬಂದು ಬೀಳುತ್ತದೆ. ಊರ ಸೌತೆ ಇಷ್ಟು ಕ್ವಿಂಟಾಲು, ನೇಂದ್ರ ಬಾಳೆ ಇಷ್ಟು ಗೊನೆ, ಒಳ್ಳೆಮೆಣಸು ಇಷ್ಟು ಚೀಲ ಎಂದು ಅದರಲ್ಲಿರುತ್ತದೆ. ದರ ಪೇಟೆಗಿಂತ ತುಸು ಮೇಲಿದ್ದರೆ ನಮಗೆ ಆಸೆಯಾಗುವುದು ಸಹಜ. “ನಾವು ತೋಟಕ್ಕೆ ಹಟ್ಟಿಗೊಬ್ಬರ ಬಿಟ್ಟು ಬೇರೇನೂ ಹಾಕುವುದಿಲ್ಲ. ಹಾಗಾದರೆ ನಮ್ಮದೂ ಸಾವಯವವೇ ಅಲ್ಲವೇ?” ಎಂದು ಹಲವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೌದು ಎಂದೂ ಇರಬಹುದು, ಅಲ್ಲ ಎಂದೂ ಇರಬಹುದು. ಆ ವ್ಯತ್ಯಾಸ ಎಲ್ಲಿದೆಯೆಂದು ಈ ಸಲ ತಿಳಿದುಕೊಳ್ಳೋಣ.

ನಮ್ಮ ಜಿಲ್ಲೆ ಕಲಿತ ಪಾಠ

ಕಾಸರಗೋಡಿನವರಾದ ನಮಗೆ ಕೀಟನಾಶಕ ಎಂದರೇನೆಂದು ಹೊರಗಿನವರು ಬಂದು ಹೇಳಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದ ತನಕ ಇಲ್ಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬಡಾಜೆ ಮೊದಲಾದ ಪಂಚಾಯತುಗಳ ಮನೆಗಳಲ್ಲಿ ಅದರ ನೋವು ಇಂದಿಗೂ ಇದೆ. ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀ ಪಡ್ರೆ ಮೊದಲಾದವರು ಈ ಸಂಗತಿಯನ್ನು ಲೋಕದ ಮುಂದಿಟ್ಟರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಾದ್ಯಂತ ಇದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ರಾಜ್ಯ ಸರಕಾರಕ್ಕೆ ಆದೇಶಿಸಿತು.

ಇದನ್ನು ನೆನಪಿಸಲು ಕಾರಣವಿದೆ. ಗುಡ್ಡದ ತಲೆಯ ಮೇಲೆ ಬಿದ್ದದ್ದು ಗುಡ್ಡದಲ್ಲೇ ನಿಲ್ಲುವುದಿಲ್ಲ. ಮಳೆನೀರಿನೊಂದಿಗೆ ತೋಡಿಗೆ, ಕೆರೆಗೆ, ಸುರಂಗಕ್ಕೆ ಇಳಿಯುತ್ತದೆ. ಆದುದರಿಂದ ‘ಸಾವಯವ’ ಎಂಬುದು ನಮ್ಮ ಬೇಲಿಯೊಳಗಿನ ಮಾತಷ್ಟೇ ಅಲ್ಲ. ನೆರೆಮನೆಯ ತೋಟ ಏನು ಮಾಡುತ್ತಿದೆ ಎಂಬುದೂ ಅದರಲ್ಲಿ ಸೇರಿದೆ.

ಸಾವಯವ ಎಂದರೇನು?

ಏನೂ ಹಾಕದೆ ಬಿಟ್ಟ ತೋಟ ಸಾವಯವ ತೋಟವಲ್ಲ. ಅದು ಬಿಟ್ಟ ತೋಟ. ಹಟ್ಟಿಗೊಬ್ಬರ, ಸೊಪ್ಪು, ಎರೆಗೊಬ್ಬರ, ಬೇವಿನ ಹಿಂಡಿ ಮುಂತಾದವುಗಳಿಂದ ಮಣ್ಣನ್ನು ಸಾಕಿ, ರಾಸಾಯನಿಕ ಗೊಬ್ಬರ, ಕೀಟನಾಶಕ, ಕಳೆನಾಶಕಗಳನ್ನು ದೂರವಿಟ್ಟು ಬೆಳೆಯುವುದೇ ಸಾವಯವ. ರಾಸಾಯನಿಕ ಬಿಟ್ಟ ದಿನವೇ ಆ ಹೆಸರು ಸಿಗುವುದಿಲ್ಲ. ತರಕಾರಿಯಂಥ ವಾರ್ಷಿಕ ಬೆಳೆಗಳಿಗೆ 2 ವರ್ಷ, ಅಡಿಕೆ, ತೆಂಗು, ಮೆಣಸಿನಂಥ ಬಹುವಾರ್ಷಿಕ ಬೆಳೆಗಳಿಗೆ 3 ವರ್ಷ ಪರಿವರ್ತನೆಯ ಕಾಲವೆಂದು ನಿಯಮವಿದೆ.

ನಮ್ಮಲ್ಲಿ ಮುಖ್ಯ ತೊಡಕು ಅಡಿಕೆ ತೋಟದ್ದು. ಮೆಣಸಿನ ಬಳ್ಳಿ ಅಡಿಕೆ ಮರಕ್ಕೇ ಹಬ್ಬಿರುತ್ತದೆ, ಬಾಳೆ ಅದರ ನೆರಳಿನಲ್ಲಿರುತ್ತದೆ. ಬುಡಕ್ಕೆ ರಾಸಾಯನಿಕ ಗೊಬ್ಬರ ಹಾಕಿ, ಸಾಲಿಗೆ ಕಳೆನಾಶಕ ಹೊಡೆದು, “ಅದು ಅಡಿಕೆಗೆ ಹಾಕಿದ್ದು, ಮೆಣಸಿಗೆ ಏನೂ ಹಾಕಿಲ್ಲ” ಎಂದರೆ ಅದು ನಿಲ್ಲುವ ಮಾತಲ್ಲ. ಬೇರುಗಳಿಗೆ ನಮ್ಮ ಲೆಕ್ಕಪುಸ್ತಕ ಗೊತ್ತಿಲ್ಲ.

ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಗತಿಯೇನು ಎಂದು ಕೇಳುವಿರಿ. ತಾಮ್ರದ ಲವಣಗಳನ್ನು ಸಾವಯವ ನಿಯಮಗಳು ಪೂರ್ತಿ ನಿಷೇಧಿಸಿಲ್ಲ. ಮಿತಿ ಹಾಕಿ ಬಿಟ್ಟಿವೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ನಿಮಗೆ ತಿಳಿದದ್ದೇ. ಮಳೆಗೆ ಮುಂಚೆ ಒಂದು ಸಲ, ಸುಮಾರು 40-45 ದಿನ ಕಳೆದು ಇನ್ನೊಂದು ಸಲ ಹೊಡೆಯುತ್ತೇವೆ. ಹೊಡೆದ ದಿನ, ಬಳಸಿದ ಮೈಲುತುತ್ತಿನ ತೂಕ ಎರಡನ್ನೂ ಬರೆದಿಡಬೇಕು. ಮಣ್ಣಿಗೆ ಬಿದ್ದ ತಾಮ್ರ ಕರಗಿ ಹೋಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಕಾಗದಪತ್ರದ ಎರಡು ದಾರಿ

ಮೊದಲನೆಯದು ವಾಣಿಜ್ಯ ಸಚಿವಾಲಯದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. ಹೊರದೇಶಕ್ಕೆ ಹೋಗುವ ಸರಕಿಗೆ ಇದು ಬೇಕು. ಒಬ್ಬೊಬ್ಬರಾಗಿ ಮಾಡಿಸುವುದು ಖರ್ಚಿನ ಕೆಲಸವಾದ್ದರಿಂದ ಸಣ್ಣ ರೈತರು ಗುಂಪಾಗಿ ಮಾಡಿಸುತ್ತಾರೆ. ಗುಂಪಿಗೆ ಕನಿಷ್ಠ 25 ಮಂದಿ ಇರಬೇಕು.

ಎರಡನೆಯದು ಕೃಷಿ ಸಚಿವಾಲಯದ ಪಿ.ಜಿ.ಎಸ್. ಪದ್ಧತಿ. ಇದು ದೇಶದೊಳಗಿನ ಮಾರಾಟಕ್ಕೆ ಸಾಕು. ಹತ್ತಿರ ಹತ್ತಿರ ವಾಸಿಸುವ ಕನಿಷ್ಠ 5 ಮಂದಿ ರೈತರು ಸೇರಿ ಗುಂಪು ಮಾಡಿ, ಪ್ರತಿಜ್ಞೆಗೆ ಸಹಿ ಹಾಕಿ, ಒಬ್ಬರ ತೋಟವನ್ನು ಇನ್ನೊಬ್ಬರು ತಪಾಸಣೆ ಮಾಡುತ್ತಾರೆ. ಪರಿವರ್ತನೆಯ ಕಾಲದಲ್ಲಿ ಪಿ.ಜಿ.ಎಸ್. ಗ್ರೀನ್, ಅದು ಮುಗಿದ ಮೇಲೆ ಪಿ.ಜಿ.ಎಸ್. ಆರ್ಗ್ಯಾನಿಕ್ ಎಂಬ ಮುದ್ರೆ ಸಿಗುತ್ತದೆ. ನಮ್ಮಂಥ ಎರಡು ಮೂರು ಎಕರೆಯವರಿಗೆ ಈ ದಾರಿ ಹೆಚ್ಚು ಹೊಂದುತ್ತದೆ.

2018ರ ಜುಲಾಯಿ 1ರಿಂದ ಜಾರಿಗೆ ಬಂದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ, ಸಾವಯವವೆಂದು ಮಾರುವ ವಸ್ತುವಿಗೆ ಇವೆರಡರಲ್ಲಿ ಒಂದು ಪ್ರಮಾಣಪತ್ರ ಇರಬೇಕು. ತಾನು ಬೆಳೆದದ್ದನ್ನು ಉಣ್ಣುವವರ ಕೈಗೇ ನೇರವಾಗಿ ಮಾರುವ ಸಣ್ಣ ಬೆಳೆಗಾರನಿಗೆ ವರ್ಷಕ್ಕೆ 12 ಲಕ್ಷ ರೂಪಾಯಿ ವಹಿವಾಟಿನ ತನಕ ವಿನಾಯಿತಿ ಇದೆ. ಆದರೆ ‘ಜೈವಿಕ್ ಭಾರತ್’ ಮುದ್ರೆ ಹಾಕುವಂತಿಲ್ಲ. ಸಗಟು ವ್ಯಾಪಾರಿ ಮಾತ್ರ ಕಾಗದ ಕೇಳಿಯೇ ಕೇಳುತ್ತಾನೆ. ಅರ್ಜಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಓದು ಕಲಿತ ಮಕ್ಕಳಿಂದ ಓದಿಸಿ, ಅರ್ಥ ಮಾಡಿಕೊಂಡು ಸಹಿ ಹಾಕಿರಿ. ಅರ್ಥವಾಗದ ಕಾಗದಕ್ಕೆ ಸಹಿ ಬೇಡ.

ಋತುಮಾನ ನೋಡಿ ಬಿತ್ತನೆ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ನಿಜವೇ. ಆದರೆ ಊರಿಗೆ ಊರೇ ಒಂದೇ ದಿನ ತೂರಿದರೆ ಪೇಟೆಯಲ್ಲಿ ದರ ಬೀಳುತ್ತದೆ. ಆದುದರಿಂದ ಬೆಳೆಗಳನ್ನು ಎರಡಾಗಿ ವಿಂಗಡಿಸಿ ನೋಡೋಣ.

ಕಾಯದ ಬೆಳೆಗಳು: ಪತ್ತನಾಜೆಯ ಹೊತ್ತಿಗೆ ಬಿತ್ತಿ ಜುಲಾಯಿಯಿಂದ ಸಿಗುವ ಬೆಂಡೆ, ಹೀರೆ, ಪಡುವಲ, ಅಲಸಂಡೆ, ಬೇಸಿಗೆಯ ಹರಿವೆ, ಬಸಳೆ, ಜನವರಿಯಿಂದ ಸಿಗುವ ಗುಜ್ಜೆ, ಆಮೇಲಿನ ಹಲಸಿನ ಹಣ್ಣು. ಇವು ಕೊಯ್ದ ದಿನ ಅಥವಾ ಮರುದಿನ ಹೋಗಬೇಕು. ವ್ಯಾಪಾರಿಯ ಬಂಡಿ ಯಾವ ದಿನ ಬರುತ್ತದೆಂದು ತಿಳಿಯದೆ ಹೆಚ್ಚು ಬಿತ್ತಬಾರದು. ಗುಂಪಿನವರು ಹತ್ತು ಹದಿನೈದು ದಿನಗಳ ಅಂತರದಲ್ಲಿ ಸರದಿಯಂತೆ ಬಿತ್ತಿದರೆ ವಾರವಾರವೂ ಸರಕು ಇರುತ್ತದೆ.

ಕಾಯುವ ಬೆಳೆಗಳು: ಬಲಿತ ಊರ ಸೌತೆ, ಬೂದುಕುಂಬಳ, ಸುವರ್ಣಗೆಡ್ಡೆ, ಒಣಗಿಸಿದ ಅರಸಿನ, ಒಣಗಿಸಿದ ಪುನರ್ಪುಳಿ ಸಿಪ್ಪೆ, ಒಳ್ಳೆಮೆಣಸು. ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಮಾಡಿಗೆ ತೂಗುಹಾಕಿ ಮಳೆಗಾಲದ ತನಕ ಉಳಿಸುವ ವಿದ್ಯೆ ನಮ್ಮ ಅಜ್ಜಿಯಂದಿರದು. ಸುಗ್ಗಿಯಲ್ಲಿ ದರ ಬಿದ್ದಾಗ ಇವನ್ನು ಕೊಡದೆ ಇರಲು ನಮಗೆ ಬಲವಿದೆ. ಮೆಣಸನ್ನು ಒಂದು ನಿಮಿಷ ಕುದಿನೀರಿನಲ್ಲಿ ಅದ್ದಿ ತೆಗೆದು ಒಣಗಿಸಿದರೆ ಬೇಗ ಒಣಗಿ ಒಂದೇ ಸಮನಾದ ಕಪ್ಪುಬಣ್ಣ ಬರುತ್ತದೆ. ತೇವಾಂಶ ಶೇಕಡಾ 11ರ ಹತ್ತಿರ ಇಳಿಯುವ ತನಕ ಒಣಗಿಸಿರಿ; ಇಲ್ಲವಾದರೆ ಚೀಲದಲ್ಲೇ ಬೂಸುರು ಬರುತ್ತದೆ.

ನೇಂದ್ರ ಬಾಳೆಗೆ ಓಣಂ ಹಬ್ಬದ ಹೊತ್ತಿಗೆ ಬೇಡಿಕೆ. ಹಬ್ಬ ಆಗಸ್ಟ್-ಸೆಪ್ಟೆಂಬರದಲ್ಲಿ ಬರುವುದರಿಂದ ಅದರ ಹಿಂದಿನ ಅಕ್ಟೋಬರ್-ನವೆಂಬರದಲ್ಲೇ ನೆಡಬೇಕಾಗುತ್ತದೆ.

ದರವಲ್ಲ, ಕೈಗೆ ಬಂದದ್ದು

ಪಟ್ಟಿಯಲ್ಲಿ ಬರೆದ ದರ ನಮ್ಮ ಕಿಸೆಗೆ ಬರುವ ದರವಲ್ಲ. ಉದಾಹರಣೆಗೆ ಒಂದು ಲೆಕ್ಕ ಮಾಡೋಣ. ಸುವರ್ಣಗೆಡ್ಡೆಗೆ ಕಿಲೋಗೆ 40 ರೂಪಾಯಿ ಎಂದು ಪಟ್ಟಿಯಲ್ಲಿದೆ ಎನ್ನಿ. ಒಬ್ಬನು 100 ಕಿಲೋ ಒಯ್ದ. ಗಾಯವಾದದ್ದು, ಮಣ್ಣು ಮೆತ್ತಿದ್ದು ಎಂದು 12 ಕಿಲೋ ತಿರಸ್ಕಾರವಾಯಿತು. 88 ಕಿಲೋಗೆ ಸಿಕ್ಕಿದ್ದು 3,520 ರೂಪಾಯಿ. ಬಂಡಿ ಬಾಡಿಗೆ 500 ಕಳೆದರೆ 3,020. ಅಂದರೆ ಕಿಲೋಗೆ 30 ರೂಪಾಯಿ 20 ಪೈಸೆ. ಹತ್ತಿರದ ಅಂಗಡಿಯವನು 32 ಕೊಡುತ್ತಿದ್ದರೆ ಅಲ್ಲಿಯೇ ಲಾಭ.

ಈಗ ಐದು ಮನೆಯವರು ಸೇರಿ ಒಂದೇ ಬಂಡಿಯಲ್ಲಿ 500 ಕಿಲೋ ಒಯ್ದರು ಎನ್ನಿ. ಮನೆಯಲ್ಲೇ ವಿಂಗಡಿಸಿದ್ದರಿಂದ 10 ಕಿಲೋ ಮಾತ್ರ ತಿರಸ್ಕಾರವಾಯಿತು. 490 ಕಿಲೋಗೆ 19,600 ರೂಪಾಯಿ. ಬಾಡಿಗೆ 1,000 ಕಳೆದರೆ 18,600. ಕಿಲೋಗೆ 37 ರೂಪಾಯಿ 20 ಪೈಸೆ ಬಂತು. ದರ ಅದೇ, ವ್ಯಾಪಾರಿಯೂ ಅವನೇ. ವ್ಯತ್ಯಾಸ ಬಂದದ್ದು ಕೂಡಿ ಹೋದದ್ದರಿಂದ, ವಿಂಗಡಿಸಿದ್ದರಿಂದ.

ಕೂಡಿ ಮಾರುವುದು ನಮಗೆ ಹೊಸತಲ್ಲ. 1970ರ ದಶಕದ ಆರಂಭದಲ್ಲಿ ಅಡಿಕೆ ದರ ಕುಸಿದಾಗ ಕೇರಳ, ಕರ್ನಾಟಕ ಎರಡೂ ಕಡೆಯ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಕಟ್ಟಿದರು. ಗಡಿ ಅವರಿಗೆ ಅಡ್ಡಿಯಾಗಲಿಲ್ಲ.

ಮೊದಲ ಬುಟ್ಟಿ ಮನೆಗೆ

ಒಳ್ಳೆಯದನ್ನೆಲ್ಲ ಬಂಡಿಗೆ ಹಾಕಿ, ಮಕ್ಕಳಿಗೆ ಪೇಟೆಯಿಂದ ತಂದ ತರಕಾರಿ ಬೇಯಿಸುವ ಮನೆಗಳೂ ಇವೆ. ಇದು ಎಂಥ ಲೆಕ್ಕ? ತರಕಾರಿಯನ್ನು ತೊಳೆದರೆ ಹೊರಮೈಯ ವಿಷದಲ್ಲಿ ಸ್ವಲ್ಪ ಪಾಲು ಹೋಗಬಹುದು. ಗಿಡದೊಳಗೆ ಸೇರುವ ಬಗೆಯ ಔಷಧಿ ತೊಳೆದರೂ ಹೋಗದು. ಮಳೆಗಾಲಕ್ಕೆ ಕೆಸು, ಬೇಸಿಗೆಗೆ ಹರಿವೆ, ಬಸಳೆ, ಹಲಸಿನ ಕಾಲಕ್ಕೆ ಹಲಸು ಎಂದು ಆಯಾ ಋತುವಿನದ್ದನ್ನು ಮನೆಮಂದಿ ಮೊದಲು ಉಣ್ಣಲಿ. ಉಳಿದದ್ದು ಮಾರಾಟಕ್ಕೆ.

ಈ ತಿಂಗಳು ಮಾಡಬೇಕಾದದ್ದು

1. ಒಂದು ನೋಟುಪುಸ್ತಕ ಇಡಿರಿ. ಯಾವ ದಿನ, ಯಾವ ಜಾಗಕ್ಕೆ, ಏನು, ಎಷ್ಟು ಹಾಕಿದಿರೆಂದು ಬರೆಯಿರಿ. ಕೊಂಡ ಗೊಬ್ಬರದ ರಶೀದಿ ಅದರಲ್ಲೇ ಇರಲಿ.

2. ನೆರೆಯ ನಾಲ್ಕು ಮನೆಯವರೊಡನೆ ಮಾತನಾಡಿರಿ. ಜಾತಿ, ಧರ್ಮ ನೋಡಬೇಡಿ. ಬೇಲಿ ಯಾರದ್ದು ತಾಗುತ್ತದೋ ಅವರೇ ಬೇಕಾದವರು.

3. ಕೃಷಿಭವನಕ್ಕೆ ಒಟ್ಟಾಗಿ ಹೋಗಿ ಪಿ.ಜಿ.ಎಸ್. ನೋಂದಣಿಯ ವಿಷಯ ವಿಚಾರಿಸಿರಿ.

4. ವ್ಯಾಪಾರಿಯೊಡನೆ ಮೊದಲೇ ಕೇಳಿರಿ: ತೂಕ ಎಲ್ಲಿ? ತಿರಸ್ಕರಿಸಿದ್ದು ಯಾರಿಗೆ? ಹಣ ಎಷ್ಟು ದಿನದೊಳಗೆ? ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.

5. ಸರಕು ಕಡಿಮೆ ಬಿದ್ದರೆ ಪೇಟೆಯಿಂದ ಕೊಂಡು ಚೀಲ ತುಂಬಿಸಬೇಡಿ. “ಈ ವಾರ ಇಷ್ಟೇ ಇದೆ” ಎನ್ನಿರಿ.

ಈ ಐದನೆಯ ಮಾತೇ ಎಲ್ಲಕ್ಕಿಂತ ದೊಡ್ಡದು. ಗುಂಪಿನಲ್ಲಿ ಒಬ್ಬನ ಚೀಲದಲ್ಲಿ ವಿಷ ಸಿಕ್ಕಿದರೆ ಐದು ಮನೆಯ ಹೆಸರೂ ಹೋಗುತ್ತದೆ. ದೂರದ ಊರಿನಲ್ಲಿ ಯಾರೋ ತಾಯಿ ‘ಸಾವಯವ’ ಎಂಬ ನಮ್ಮ ಮಾತನ್ನು ನಂಬಿ ನಾಲ್ಕು ಕಾಸು ಹೆಚ್ಚು ಕೊಟ್ಟು ಮಗುವಿಗೆ ಉಣ್ಣಿಸುತ್ತಾಳೆ. ಎಂಡೋಸಲ್ಫಾನಿನ ನೋವು ಕಂಡ ಊರಿನವರು ಆ ನಂಬಿಕೆಗೆ ಮೋಸ ಮಾಡಬಾರದು.