ಅಕ್ರಮಿ ನಮ್ಮವನಾದರೆ?

ನಿಮ್ಮ ಸಹೋದರನು ಅಕ್ರಮಿಯಾಗಿರಲಿ, ಮರ್ದಿತನಾಗಿರಲಿ, ಅವನಿಗೆ ನೆರವಾಗಬೇಕೆಂದು ಪ್ರವಾದಿಯವರು(ಸ) ಬೋಧಿಸಿದಾಗ ಸಹಾಬಿಗಳಿಗೆ ಆಶ್ಚರ್ಯವಾಯಿತು. ಅಕ್ರಮಿಗೆ ನೆರವಾಗುವುದು ಹೇಗೆಂದು ಅವರು ಕೇಳಿದರು. ಅವನನ್ನು ಅಕ್ರಮದಿಂದ ತಡೆಯುವುದೇ ಅವನಿಗೆ ಮಾಡುವ ನೆರವೆಂದು ಪ್ರವಾದಿಯವರು(ಸ) ತಿಳಿಸಿಕೊಟ್ಟರು.

ಈ ಹದೀಸ್ ನಮಗೆಲ್ಲ ಗೊತ್ತು. ಆದರೆ ನಮ್ಮ ಸಮುದಾಯದವನೇ ಗದ್ದುಗೆಯಲ್ಲಿ ಕುಳಿತು ಅಕ್ರಮವೆಸಗಿದರೆ ನಮ್ಮ ನಾಲಿಗೆ ತಡವರಿಸುತ್ತದೆ. ಉಗಾಂಡದ ಇದಿ ಅಮೀನನ ಚರಿತ್ರೆಯನ್ನು ನಾವು ಓದಬೇಕಾದುದು ಇದಕ್ಕಾಗಿಯೇ.

ಬ್ರಿಟಿಷರ ವಸಾಹತು ಸೈನ್ಯದಲ್ಲಿ ಬೆಳೆದ ಅಮೀನ್, 1962ರಲ್ಲಿ ದೇಶ ಸ್ವತಂತ್ರವಾದ ಬಳಿಕ ಸೇನಾ ಮುಖ್ಯಸ್ಥನಾದ. 1971ರ ಜನವರಿ 25ರಂದು, ಅಧ್ಯಕ್ಷ ಮಿಲ್ಟನ್ ಒಬೊಟೆ ಸಿಂಗಾಪುರದಲ್ಲಿದ್ದಾಗ ಅಧಿಕಾರವನ್ನು ಕಸಿದುಕೊಂಡ. ರಾಜಕೀಯ ಕೈದಿಗಳನ್ನು ಬಿಟ್ಟ, ಚುನಾವಣೆ ನಡೆಸುವೆನೆಂದ. ಕಂಪಾಲದ ಬೀದಿಗಳಲ್ಲಿ ಜನರು ಕುಣಿದರು. ಅಲ್ಪಸಂಖ್ಯಾತರಾದ ಮುಸ್ಲಿಮರಲ್ಲಿ ಅನೇಕರು, ನಮ್ಮವನೊಬ್ಬ ಬಂದನೆಂದು ಹಿಗ್ಗಿದರು.

ಹಿಗ್ಗು ಬಹಳ ಕಾಲ ಉಳಿಯಲಿಲ್ಲ. 1972ರ ಆಗಸ್ಟ್‌ನಲ್ಲಿ ಏಷ್ಯಾ ಮೂಲದವರಿಗೆ ದೇಶ ಬಿಡಲು 90 ದಿನಗಳ ಗಡುವು ಬಿತ್ತು. ಸುಮಾರು 50,000ಕ್ಕೂ ಹೆಚ್ಚು ಮಂದಿ ಮನೆ ಅಂಗಡಿಗಳನ್ನು ಬಿಟ್ಟು ಹೊರಟರು. ಅವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಒಂದೇ ಧರ್ಮದವರೆಂಬುದು ಯಾರನ್ನೂ ಉಳಿಸಲಿಲ್ಲ. ಅವರ ಅಂಗಡಿಗಳು ಸೈನಿಕರ ಹಾಗೂ ಆಪ್ತರ ಪಾಲಾದವು. ಬಳಿಕ ಉಪ್ಪು, ಸಕ್ಕರೆಗೂ ಬರ ಬಂತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಾಧೀಶ ಬೆನೆಡಿಕ್ಟೊ ಕಿವಾನುಕ ಅವರನ್ನು ನ್ಯಾಯಾಲಯದಿಂದಲೇ ಎಳೆದೊಯ್ದು ಕೊಲ್ಲಲಾಯಿತು. ಸೈನ್ಯವು ಕಾನೂನು ಮೀರಿ ಬಂಧಿಸಿದ್ದ ಒಬ್ಬನನ್ನು ಬಿಡುಗಡೆ ಮಾಡಲು ಅವರು ಆದೇಶಿಸಿದ್ದರು. ಕೊಲೆಗಳನ್ನು ಪ್ರತಿಭಟಿಸಿದ ಆರ್ಚ್‌ಬಿಷಪ್ ಜನಾನಿ ಲುವುಮ್ ಅವರನ್ನು 1977ರ ಫೆಬ್ರವರಿಯಲ್ಲಿ ಕೊಂದು, ಕಾರು ಅಪಘಾತವೆಂದು ಸಾರಲಾಯಿತು. ಎಂಟು ವರ್ಷಗಳಲ್ಲಿ ಸತ್ತವರ ಸಂಖ್ಯೆ ಮೂರು ಲಕ್ಷದವರೆಗೂ ಇರಬಹುದೆಂಬ ಅಂದಾಜಿದೆ.

ಓದುಗರೇ, ಯೋಚಿಸಿ. ಅಮೀನನಿಗೆ ನಿಜವಾದ ನೆರವು ನೀಡಿದವರು ಯಾರು? ಬಿರುದುಗಳನ್ನು ತೊಡಿಸಿ ಹೊಗಳಿದವರೇ? ಅಲ್ಲ. ಆ ಇಬ್ಬರು ಕ್ರೈಸ್ತರು ಪ್ರಾಣವನ್ನೇ ತೆತ್ತು ಅವನ ಕೈ ಹಿಡಿಯಲು ಯತ್ನಿಸಿದರು. ಹದೀಸ್ ಬೋಧಿಸುವ ಕೆಲಸವನ್ನು ಮಾಡಿದವರು ಅವರು.

1979ರ ಏಪ್ರಿಲ್‌ನಲ್ಲಿ ಟಾಂಜಾನಿಯದ ಸೈನ್ಯವೂ ಉಗಾಂಡದ ದೇಶಭ್ರಷ್ಟ ಹೋರಾಟಗಾರರೂ ಸೇರಿ ಕಂಪಾಲವನ್ನು ವಶಪಡಿಸಿಕೊಂಡರು. ಅಮೀನ್ ಲಿಬಿಯಕ್ಕೆ ಓಡಿದ. ಕೊನೆಗೆ ಸೌದಿ ಅರೇಬಿಯದಲ್ಲಿ ನೆಲೆಸಿ, 2003ರ ಆಗಸ್ಟ್‌ನಲ್ಲಿ ಜಿದ್ದಾದಲ್ಲಿ ತೀರಿಕೊಂಡ. ಇಹಲೋಕದ ಯಾವ ನ್ಯಾಯಾಲಯವೂ ಅವನನ್ನು ವಿಚಾರಿಸಲಿಲ್ಲ. ಆದರೆ ಓಡಿಹೋಗಲು ದಾರಿಯಿಲ್ಲದ ಬಡ ಮುಸ್ಲಿಮರು ಸೇಡಿಗೆ ಗುರಿಯಾದರು. ಪಶ್ಚಿಮ ಉಗಾಂಡದಲ್ಲಿ ಅನೇಕರು ಹತರಾದರು. ಅವನ ಅಕ್ರಮದ ಸಾಲವನ್ನು ನಿರಪರಾಧಿಗಳು ತೀರಿಸಬೇಕಾಯಿತು.

ಸ್ವಂತಕ್ಕೆ, ಹೆತ್ತವರಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯಕ್ಕೇ ಸಾಕ್ಷಿಯಾಗಬೇಕೆಂದು ಪವಿತ್ರ ಕುರ್‌ಆನ್ ನಮಗೆ ಆಜ್ಞಾಪಿಸಿದೆ. ಅದರಲ್ಲಿ ನಮ್ಮವನೆಂಬ ರಿಯಾಯಿತಿ ಇಲ್ಲ.

ಸರ್ವಾಧಿಕಾರಿ ಅರಮನೆಯಲ್ಲಿ ಮಾತ್ರ ಇರುತ್ತಾನೆಂದು ತಿಳಿಯಬೇಡಿ. ಪ್ರಶ್ನೆಯನ್ನೇ ಸಹಿಸದ ಮನೆಯ ಯಜಮಾನ, ಲೆಕ್ಕ ಒಪ್ಪಿಸದ ಜಮಾಅತ್ ಅಧ್ಯಕ್ಷ, ಬೆತ್ತವನ್ನೇ ನೆಚ್ಚಿದ ನನ್ನಂತಹ ಅಧ್ಯಾಪಕ, ಇವರಲ್ಲೂ ಅವನು ಮೊಳಕೆಯೊಡೆಯಬಲ್ಲ. ಅಂಥವರ ಕೈ ಹಿಡಿಯಿರಿ. ನಮ್ಮ ಕೈಯನ್ನು ಇತರರು ಹಿಡಿದಾಗ ಸಿಟ್ಟಾಗದಿರುವ ಮನಸ್ಸನ್ನು ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.